ವೆರಿಫಿಕೇಶನ್ ಫಾರಂ ತುಂಬುವ ಮುಂಚೆ: ಅಕ್ಕನ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅತ್ತೆಯ ಕಾಲು ನೋವು ಈಗ ಎಷ್ಟೋ ವಾಸಿ.

ನಿನಗೆ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಕೆಲಸ, ಅಂದರೆ ಸರ್ಕಾರಿ ಯೋಜನೆಯ ರೋಗಿಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸ, ಸಿಕ್ಕಿತು ಅಂತ ಅಕ್ಕ ಫೋನ್ ಮಾಡಿದಳು. ತುಂಬಾ ಖುಷಿಯಾಯಿತು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಏಜೆನ್ಸಿಯವರು ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ಕೇಳಿದ್ದಾರಂತೆ. ನೀನು "ನಾನೇನು ಕಳ್ಳಿನಾ?" ಅಂತ ಸಿಟ್ಟಾಗಿದ್ದೀಯಂತೆ. ಕಾಲೇಜಿನ ಆ ಹಳೇ ಕೇಸು ನೆನೆಸಿಕೊಂಡು ಸರಿಯಾಗಿ ನಿದ್ದೆನೂ ಮಾಡುತ್ತಿಲ್ಲವಂತೆ. ಸರ್ವೀಸ್ ಪೂರ್ತಿ ಸ್ಟೇಷನ್ನಿನಲ್ಲಿ ಇಂಥ ಅರ್ಜಿಗಳನ್ನು ನೋಡಿಕೊಂಡು ಬಂದ ಮಾವ ಇದ್ದೂ ನೀನೊಬ್ಬಳೇ ಕೊರಗುವುದಾ? ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಿಟ್ಟಿನ ವಿಷಯ. ನಾಳೆ ನಿನ್ನ ಕೌಂಟರಿಗೆ ಬರುವವರು ಯಾರು ಅಂತ ಯೋಚಿಸು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದಕ್ಕಾಗಿ ಅವರು ರೇಷನ್ ಕಾರ್ಡ್ ಕೊಡುತ್ತಾರೆ, ಆಧಾರ್ ಕೊಡುತ್ತಾರೆ, ಮನೆಯವರೆಲ್ಲರ ಹೆಸರು ಹೇಳುತ್ತಾರೆ. ಆಮೇಲೆ ಅವರ ಕಾಯಿಲೆ ಏನು, ಯಾವ ಆಪರೇಷನ್, ಸ್ಕ್ಯಾನಿಂಗಿನಲ್ಲಿ ಏನು ಬಂತು, ಎಲ್ಲ ಕಂಪ್ಯೂಟರಿಗೆ ಹೋಗುತ್ತದೆ. ಹಾಸಿಗೆ ಮೇಲೆ ಮಲಗಿರುವಾಗಲೇ ಫೋಟೊ ತೆಗೆಯುತ್ತಾರೆ. ದುಡ್ಡಿದ್ದವರಾದರೆ "ಇದೆಲ್ಲ ನಿಮಗ್ಯಾಕೆ" ಅಂತ ಕೇಳಿ ಬೇರೆ ಆಸ್ಪತ್ರೆಗೆ ಹೋಗಬಹುದು. ಬಡವರಿಗೆ ಆ ದಾರಿ ಇಲ್ಲ. ಕೊಡಲ್ಲ ಅಂದರೆ ಚಿಕಿತ್ಸೆಯೇ ಇಲ್ಲ. ಹೀಗೆ ವಿಧಿಯಿಲ್ಲದೆ ತನ್ನದೆಲ್ಲವನ್ನೂ ಒಪ್ಪಿಸುವ ಮನುಷ್ಯನಿಗೆ ಎದುರಿಗೆ ಕೂತವರು ಯಾರು ಅಂತ ತಿಳಿದುಕೊಳ್ಳುವ ಹಕ್ಕು ಬೇಡವಾ? ಅವನು ಕೇಳಲಾರ. ಅವನ ಪರವಾಗಿ ಸರ್ಟಿಫಿಕೇಟ್ ಕೇಳುತ್ತಿದ್ದಾರೆ ಅಂದುಕೋ, ಆಗ ಅವಮಾನ ಅನಿಸುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಅಂತಲೂ ತಿಳಿಯಬೇಡ. ಅಮೆರಿಕದಲ್ಲಿ ಒಬಾಮಾ ಕಾಲದ ವಿಮೆ ಕಾನೂನು ಜಾರಿಗೆ ಬಂದಾಗ, ಜನರಿಗೆ ಅರ್ಜಿ ತುಂಬಿಸಿಕೊಡಲು ನಿನ್ನಂಥವರನ್ನೇ ನೇಮಿಸಿಕೊಂಡರು. ನ್ಯಾವಿಗೇಟರ್ ಅಂತ ಅವರಿಗೆ ಹೆಸರು. 2013ರ ನವೆಂಬರಿನಲ್ಲಿ ಅಲ್ಲಿನ ಆರೋಗ್ಯ ಮಂತ್ರಿ ಕ್ಯಾಥ್ಲೀನ್ ಸೆಬೀಲಿಯಸ್ ಅವರನ್ನು ಒಬ್ಬ ಸೆನೆಟರ್ ನೇರವಾಗಿ ಕೇಳಿದರು: ಶಿಕ್ಷೆಯಾದ ಅಪರಾಧಿಯೊಬ್ಬ ನ್ಯಾವಿಗೇಟರ್ ಆಗಿ ಜನರ ಖಾಸಗಿ ಮಾಹಿತಿ ತೆಗೆದುಕೊಳ್ಳಬಹುದಾ? ಅದು ಸಾಧ್ಯ ಅಂತ ಆಕೆ ಒಪ್ಪಿಕೊಂಡರು. ಅಪರಾಧ ಹಿನ್ನೆಲೆ ನೋಡಲೇಬೇಕು ಅನ್ನುವ ನಿಯಮ ಕೇಂದ್ರದ್ದು ಇರಲಿಲ್ಲ. ಗುತ್ತಿಗೆ ಪಡೆದ ಸಂಸ್ಥೆಗಳೇ ತಮ್ಮ ಜನರನ್ನು ನೋಡಿಕೊಳ್ಳುತ್ತವೆ ಅನ್ನುವುದು ಸರ್ಕಾರದ ಉತ್ತರವಾಗಿತ್ತು. ದೊಡ್ಡ ಗಲಾಟೆ ಆಯಿತು. ಕೆಲವು ರಾಜ್ಯಗಳು ತಾವೇ ನಿಯಮ ಮಾಡಿಕೊಂಡವು. ಕೆಲಸ ಸರ್ಕಾರದ್ದು, ಜನ ಏಜೆನ್ಸಿಯವರು, ಜವಾಬ್ದಾರಿ ಮಾತ್ರ ನಡುವೆ ಎಲ್ಲೋ ಜಾರಿಹೋಗುವುದು ಅಲ್ಲೂ ಇದೆ ನೋಡು. ನಿನ್ನ ಏಜೆನ್ಸಿಯವರು ಮೊದಲೇ ಕೇಳುತ್ತಿದ್ದಾರೆ ಅಂದರೆ ಅಷ್ಟರಮಟ್ಟಿಗೆ ಒಳ್ಳೆಯದೇ.

ಈಗ ವೆರಿಫಿಕೇಶನ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ನೀನು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಫೀಸು ಕಟ್ಟುತ್ತೀಯ. ಅದು ಮೇಲಿನ ಕಚೇರಿಯಿಂದ ನಿನ್ನ ಮನೆ ಬರುವ ಸ್ಟೇಷನ್ನಿಗೆ ಇಳಿಯುತ್ತದೆ. ನಾನು ಸೇರಿದ ಕಾಲದಲ್ಲಿ ಕ್ರೈಂ ರಿಜಿಸ್ಟರಿನ ದಪ್ಪ ಪುಸ್ತಕಗಳನ್ನು ಎಳೆದು, ಧೂಳು ಕೊಡವಿ, ಬೆರಳು ಒದ್ದೆ ಮಾಡಿಕೊಂಡು ಪುಟ ತಿರುವಬೇಕಿತ್ತು. ಈಗ ಪೊಲೀಸ್ ಐಟಿ ಅನ್ನುವ ಸಾಫ್ಟ್‌ವೇರ್ ಇದೆ. ಹೆಸರು, ತಂದೆ ಹೆಸರು, ವಿಳಾಸ ಹಾಕಿ ಹುಡುಕುತ್ತಾರೆ. ಎಫ್‌ಐಆರ್‌ನಲ್ಲಿ ಹೆಸರಿದೆಯಾ, ತನಿಖೆ ನಡೀತಿದೆಯಾ, ಕೇಸಿನಲ್ಲಿ ಹುರುಳಿಲ್ಲ ಅಂತ ಬಿ ರಿಪೋರ್ಟ್ ಹಾಕಿ ಮುಗಿಸಿದ್ದಾರಾ, ಚಾರ್ಜ್‌ಶೀಟ್ ಆಗಿದೆಯಾ, ಶಿಕ್ಷೆಯಾ ಖುಲಾಸೆಯಾ ಅಂತ ನೋಡುತ್ತಾರೆ. ಬೀಟಿನವರು ಮನೆ ಹತ್ತಿರ ಬಂದು ಅಕ್ಕಪಕ್ಕದಲ್ಲಿ ವಿಚಾರಿಸಿದರೂ ಗಾಬರಿಯಾಗಬೇಡ. ಅಕ್ಕನಿಗೂ ಮೊದಲೇ ಹೇಳಿಡು, ಬಾಗಿಲಲ್ಲಿ ಖಾಕಿ ಕಂಡರೆ ಅವಳ ಬಿಪಿ ಏರುತ್ತದೆ. ಇನ್ನೊಂದು ಮಾತು. ಆನ್‌ಲೈನಿನಲ್ಲಿ ಕಟ್ಟಿದ ಫೀಸು ಬಿಟ್ಟು ಒಂದು ರೂಪಾಯಿಯನ್ನೂ ಯಾರ ಕೈಗೂ ಕೊಡಬೇಡ. ಟೀ ಕುಡಿಯಲು ಅಂತ ಕೇಳಿದರೂ ಕೊಡಬೇಡ. ನಾನೇ ಆ ಇಲಾಖೆಯವನಾಗಿ ಹೇಳುತ್ತಿದ್ದೇನೆ.

ಹಾಸ್ಟೆಲ್ ಇದ್ದ ಊರಿನ ವಿಳಾಸವನ್ನೂ ಬಿಡದೆ ಬರೆ. ಆ ಕೇಸು ಅಲ್ಲಿಯದು, ಅಲ್ಲಿ ವಿಚಾರಿಸದೆ ಬಿಟ್ಟರೆ ಬಚಾವಾದೆ ಅಂತ ಅಂದುಕೊಳ್ಳಬೇಡ. ಈಗ ಸ್ಟೇಷನ್ನುಗಳ ಮಾಹಿತಿ ಒಂದಕ್ಕೊಂದು ಸೇರಿಕೊಂಡಿದೆ.

ಈಗ ಆ ಕೇಸಿಗೇ ಬರೋಣ. ಹಾಸ್ಟೆಲಿಗೆ ನೀರು ಬರುತ್ತಿಲ್ಲ ಅಂತ ನೀವೆಲ್ಲ ರಸ್ತೆಯಲ್ಲಿ ಕೂತಿರಿ. ಘೋಷಣೆ ಕೂಗಿದಿರಿ. ಎಫ್‌ಐಆರ್‌ನಲ್ಲಿ ಎಲ್ಲರ ಹೆಸರೂ ಬಂತು. ಕೋರ್ಟಿನಲ್ಲಿ ಸಾಕ್ಷಿ ನಿಲ್ಲಲಿಲ್ಲ, ಖುಲಾಸೆ ಆಯಿತು. "ಖುಲಾಸೆ ಆಗಿದೆ ಅಲ್ವಾ, ಸುಮ್ನೆ ಯಾಕೆ ಬರೆಯೋದು, ಇಲ್ಲ ಅಂತ ಟಿಕ್ ಮಾಡು" ಅಂತ ಗೆಳತಿಯರು ಹೇಳುತ್ತಾರೆ. ಅವರ ಮಾತು ಕೇಳಬೇಡ ಪುಟ್ಟಿ. ಈ ಪತ್ರದಲ್ಲಿ ಇದೊಂದನ್ನು ಎರಡು ಸಲ ಓದು.

2016ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಈ ಬಗ್ಗೆಯೇ ತೀರ್ಪು ಕೊಟ್ಟಿದೆ. ವೆರಿಫಿಕೇಶನ್ ಫಾರಂನಲ್ಲಿ ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು, ಮುಚ್ಚಿಡಬಾರದು. ಕೇಳದೇ ಇರುವುದನ್ನು ಹೇಳಲಿಲ್ಲ ಅಂತ ತಪ್ಪು ಹೊರಿಸುವ ಹಾಗಿಲ್ಲ. ನಿಜ ಬರೆದರೂ ಆ ಕೇಸನ್ನು ತೂಗಿ ನೋಡುವ ಅಧಿಕಾರ ಕೆಲಸ ಕೊಡುವವರಿಗೆ ಇರುತ್ತದೆ. ಆದರೆ ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯಗಳಲ್ಲಿ, ಮುಚ್ಚಿಟ್ಟಿದ್ದರೂ ಅದನ್ನು ಮನ್ನಿಸಬಹುದು. ಘೋಷಣೆ ಕೂಗುವುದನ್ನೇ ಉದಾಹರಣೆಯಾಗಿ ಬರೆದಿದ್ದಾರೆ, ನೋಡು. ಅದಕ್ಕೂ ಮುಂಚೆ, 2011ರಲ್ಲಿ, ದೆಹಲಿ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಕೆಲಸಕ್ಕೆ ಅರ್ಜಿ ಹಾಕಿದ್ದ ಹುಡುಗನೊಬ್ಬ ರಾಜಿಯಾಗಿದ್ದ ಹೊಡೆದಾಟದ ಕೇಸನ್ನು ಹೇಳದೆ ಬಿಟ್ಟಿದ್ದ. ಹುಡುಗರು ತಪ್ಪು ಮಾಡುತ್ತಾರೆ, ಅದಕ್ಕೇ ಜೀವನಪೂರ್ತಿ ಅಪರಾಧಿ ಅಂತ ಹಣೆಪಟ್ಟಿ ಕಟ್ಟುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ಇವೆಲ್ಲ ಸರ್ಕಾರಿ ನೌಕರಿಯ ಪ್ರಕರಣಗಳು. ನಿನ್ನದು ಏಜೆನ್ಸಿ ಮೂಲಕ ಬಂದ ಕೆಲಸ. ಆದರೂ ದಾರಿ ಅದೇ. ಕೇಸಿಗಿಂತ ಜಾಸ್ತಿ ಕೆಡಿಸುವುದು ಸುಳ್ಳು. ನೀರು ಕೇಳಿ ರಸ್ತೆಯಲ್ಲಿ ಕೂತವಳಿಗೆ ಡೇಟಾ ಕೊಡಬಾರದು ಅಂತ ಬುದ್ಧಿ ಇರುವ ಯಾವ ಅಧಿಕಾರಿಯೂ ಹೇಳುವುದಿಲ್ಲ. ಫಾರಂನಲ್ಲೇ ಸುಳ್ಳು ಬರೆದವಳಿಗೆ ಹೇಗೆ ಕೊಡುವುದು ಅಂತ ಕೇಳಿದರೆ ಮಾತ್ರ ನಮ್ಮ ಹತ್ತಿರ ಉತ್ತರ ಇಲ್ಲ.

ಪ್ರಶ್ನೆಯನ್ನು ನಿಧಾನವಾಗಿ ಓದು. "ಶಿಕ್ಷೆಯಾಗಿದೆಯಾ" ಅನ್ನುವುದು ಬೇರೆ, "ಬಾಕಿ ಇದೆಯಾ" ಅನ್ನುವುದು ಬೇರೆ, "ಎಂದಾದರೂ ಕೇಸು ದಾಖಲಾಗಿತ್ತಾ" ಅನ್ನುವುದು ಬೇರೆ. ಮೊದಲ ಎರಡಕ್ಕೆ ಇಲ್ಲ ಅಂತ ಬರೆಯಬಹುದು. ಮೂರನೆಯದಕ್ಕೆ ಹೌದು ಅಂತಲೇ ಬರೆ. ಕ್ರೈಂ ನಂಬರ್, ಕೋರ್ಟ್, ಖುಲಾಸೆಯಾದ ತಾರೀಖು ಹಾಕಿ ತೀರ್ಪಿನ ದೃಢೀಕೃತ ನಕಲು ಲಗತ್ತಿಸು.

ಇಷ್ಟಾದ ಮೇಲೆ ಸರ್ಟಿಫಿಕೇಟ್ ಬರುತ್ತದೆ. ಬಂದ ಮೇಲೆ ಎಲ್ಲ ಮುಗಿಯಿತು ಅಂತ ಅಂದುಕೊಂಡರೆ ಅಲ್ಲೇ ತಪ್ಪುತ್ತದೆ. ನಮ್ಮ ರಿಜಿಸ್ಟರಿನಲ್ಲಿ ಇರುವುದು ಸಿಕ್ಕಿಬಿದ್ದವರ ಹೆಸರು, ಅದೂ ಆ ದಿನದವರೆಗಿನದು. ಇನ್ನೊಬ್ಬರ ಗುಟ್ಟನ್ನು ಬಾಯಿಬಿಟ್ಟವರು ಅದರಲ್ಲಿ ಬರುವುದಿಲ್ಲ. ನಿನ್ನ ಭಾವ ಬೆಂಗಳೂರಿನಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಕ್ಲೇಮ್ ನೋಡುವ ಕಂಪನಿಯಲ್ಲಿದ್ದಾನಲ್ಲ, ಅವನನ್ನು ಕೇಳು. ಸರ್ಕಾರಿ ಆರೋಗ್ಯ ಯೋಜನೆಗಳಿಂದ ಹೊರಗೆ ಹಾಕಿದವರ ಪಟ್ಟಿಯೊಂದು ಅಲ್ಲಿದೆ. ಪ್ರತಿ ತಿಂಗಳೂ ಅದನ್ನು ಹೊಸದು ಮಾಡುತ್ತಾರೆ, ಕೆಲಸಗಾರರ ಹೆಸರನ್ನು ಅದರ ಜೊತೆ ಮತ್ತೆ ಮತ್ತೆ ತಾಳೆ ನೋಡುತ್ತಾರೆ. ನಮ್ಮಲ್ಲಿ ಸೇರುವಾಗ ಒಂದು ಸಲ ಕಾಗದ ತೆಗೆದುಕೊಂಡು ಫೈಲಿಗೆ ಸೇರಿಸಿದರೆ ಆಯಿತು ಅನ್ನುವವರೇ ಜಾಸ್ತಿ. ನನಗೆ ಇದು ಸರಿ ಕಾಣುವುದಿಲ್ಲ.

ನಿನಗೆ ಕಷ್ಟ ಬರುವುದು ಕಳ್ಳರಿಂದ ಅಲ್ಲ, ನಮ್ಮವರಿಂದಲೇ. ಒಂದು ದಿನ ನಮ್ಮ ಬೀದಿಯವರೇ ಯಾರೋ ಫೋನ್ ಮಾಡುತ್ತಾರೆ. "ಪುಟ್ಟಿ, ನಮ್ಮ ಹುಡುಗಿಗೆ ಗಂಡು ನೋಡಿದ್ದೀವಿ. ಅವನು ನಿಮ್ಮ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರ್ತಾನೆ ಅಂತಾರೆ, ಒಂಚೂರು ನೋಡಿ ಹೇಳಮ್ಮ." ಆ ಮಾತಿನಲ್ಲಿ ಕೆಟ್ಟತನ ಏನೂ ಇರುವುದಿಲ್ಲ. ಹೆಣ್ಣು ಹೆತ್ತವರ ಆತಂಕ ಇರುತ್ತದೆ. ಆದರೂ ಹೇಳಬೇಡ. ಇದೆ ಅಂತಲೂ ಬೇಡ, ಇಲ್ಲ ಅಂತಲೂ ಬೇಡ. ಒಬ್ಬರಿಗೆ "ಇಲ್ಲ" ಅಂದು ಇನ್ನೊಬ್ಬರಿಗೆ "ಹೇಳೋ ಹಾಗಿಲ್ಲ" ಅಂದರೆ ಎರಡನೆಯವರಿಗೆ ಉತ್ತರ ಸಿಕ್ಕಿಬಿಡುತ್ತದೆ. "ನಾನು ಯಾರದ್ದೂ ನೋಡುವ ಹಾಗಿಲ್ಲ, ಹುಡುಗನ ಮನೆಯವರನ್ನೇ ನೇರವಾಗಿ ಕೇಳಿ" ಅಂತ ಎಲ್ಲರಿಗೂ ಒಂದೇ ಮಾತು ಹೇಳು. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ನಿಮ್ಮಮ್ಮ ಕೇಳಿದರೂ ಇದೇ ಉತ್ತರ.

ಹೋದ ವರ್ಷ ನಿನ್ನ ಅತ್ತೆಯ ಆಪರೇಷನ್ ಆಯಿತಲ್ಲ, ಆಗ ಆ ಆಸ್ಪತ್ರೆಯ ಕೌಂಟರಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಮೇಜಿನ ಮೇಲೆ ಎಲ್ಲರ ಕಾಗದಗಳೂ ಹರಡಿದ್ದವು. ಮೇಲಿನ ಹಾಳೆಯಲ್ಲಿ ಒಬ್ಬ ಹೆಂಗಸಿನ ಹೆಸರು, ಊರು, ಕೀಮೋ ಎಷ್ಟನೇ ಸಲ ಅನ್ನುವುದು ನನ್ನ ಕಣ್ಣಿಗೆ ಬಿತ್ತು. ಆ ಊರು ನನಗೆ ಗೊತ್ತು. ನನಗೆ ಕಂಡಿದ್ದು ನನ್ನ ಹಿಂದೆ ನಿಂತವರಿಗೂ ಕಂಡಿರುತ್ತದೆ. ಒಳಗಿದ್ದ ಹುಡುಗ ಒಳ್ಳೆಯವನೇ, ಪಾಪ ಓಡಾಡಿ ಕೆಲಸ ಮಾಡುತ್ತಿದ್ದ. ಊಟಕ್ಕೆ ಎದ್ದಾಗ ಸ್ಕ್ರೀನ್ ಹಾಗೇ ಬಿಟ್ಟು, ಪಕ್ಕದವನಿಗೆ "ನನ್ನ ಲಾಗಿನ್‌ನಲ್ಲೇ ಹಾಕು" ಅಂತ ಹೇಳಿ ಹೋದ. ಯಾವ ಪೊಲೀಸ್ ಸರ್ಟಿಫಿಕೇಟ್ ಇದನ್ನು ತಡೆಯುತ್ತದೆ ಹೇಳು? ನೀನು ಹಾಗೆ ಮಾಡಬೇಡ. ಲಾಗಿನ್ ಯಾರಿಗೂ ಕೊಡಬೇಡ, ಮೇಲಿನವರು ಕೇಳಿದರೂ ಕೊಡಬೇಡ. ನಿನ್ನ ಹೆಸರಿನಲ್ಲಿ ಏನೇ ತೆರೆದರೂ ಅದು ನೀನು ತೆರೆದ ಹಾಗೇ ದಾಖಲಾಗುತ್ತದೆ. ಡಿಸ್ಚಾರ್ಜ್ ಸಮರಿಯ ಫೋಟೊವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡ. ಕೆಲಸ ಬಿಡುವ ದಿನ ಬಂದರೆ ನಿನ್ನ ಲಾಗಿನ್ ಮುಚ್ಚಿಸಿ ಅಂತ ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ಇಟ್ಟುಕೋ.

ತುಂಬುವುದನ್ನೂ ಸರಿಯಾಗಿ ತುಂಬು. 2023ರ ಆಗಸ್ಟಿನಲ್ಲಿ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಬಂದಾಗ ದೇಶವೆಲ್ಲ ಮಾತಾಡಿತು, ನೆನಪಿದೆಯಾ? ಆಯುಷ್ಮಾನ್ ಯೋಜನೆಯ ಸುಮಾರು 7.5 ಲಕ್ಷ ಜನರ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇತ್ತು, ಹತ್ತೂ ಅಂಕಿ ಒಂಬತ್ತು. ಜಾಗ ಖಾಲಿ ಬಿಡಬಾರದು ಅಂತ ಸುಮ್ನೆ ಒತ್ತಿದ್ದು. ಒತ್ತಿದವರ ಮೇಲೆ ಯಾವ ಕೇಸೂ ಇದ್ದಿರಲಾರದು.

ಕಾನೂನನ್ನೂ ಸ್ವಲ್ಪ ತಿಳಿದುಕೊಂಡಿರು. ಕರಾರಿನ ಕೆಲಸದಲ್ಲಿ ಕೈಗೆ ಬಂದ ಖಾಸಗಿ ಮಾಹಿತಿಯನ್ನು ಲಾಭಕ್ಕೋ, ಇನ್ನೊಬ್ಬರಿಗೆ ನಷ್ಟ ಮಾಡಲೋ ಹೊರಗೆ ಕೊಟ್ಟರೆ ಐಟಿ ಕಾಯ್ದೆಯ 72ಎ ಪ್ರಕಾರ 3 ವರ್ಷದವರೆಗೆ ಜೈಲು. ಎಚ್‌ಐವಿ ಇದೆ ಅನ್ನುವುದನ್ನು ಒಪ್ಪಿಗೆ ಇಲ್ಲದೆ ಹೊರಗೆ ಹೇಳಬಾರದು ಅಂತ 2017ರ ಕಾಯ್ದೆಯೇ ಇದೆ. ಮಾನಸಿಕ ಕಾಯಿಲೆಯ ವಿಷಯಕ್ಕೂ ಅದೇ ವರ್ಷದ ಇನ್ನೊಂದು ಕಾಯ್ದೆ ಇದೆ. 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ ಮಾಹಿತಿಯನ್ನು ಭದ್ರವಾಗಿ ಇಡದ ಸಂಸ್ಥೆಗೆ 250 ಕೋಟಿವರೆಗೆ ದಂಡ ಹಾಕಬಹುದು. ದಂಡದ ಭಯ ಬಂದಾಗ ಸಂಸ್ಥೆಗಳು ಮೊದಲು ಕೆಳಗಿನವರ ಕಡೆ ಬೆರಳು ತೋರಿಸುತ್ತವೆ. ಅದಕ್ಕೇ ಟ್ರೇನಿಂಗ್ ಕೊಟ್ಟರೆ ತಾರೀಖು ಬರೆದಿಡು. ಕೊಡದಿದ್ದರೆ ಬಾಯಿಬಿಟ್ಟು ಕೇಳು.

ಇನ್ನು ಕೆಲಸದ ಮಾತು. ತೀರ್ಪಿನ ನಕಲು ನಿನ್ನ ಹತ್ತಿರ ಇಲ್ಲ ಅಂತ ಅಕ್ಕ ಹೇಳಿದಳು. ಆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟರೆ ಸಿಗುತ್ತದೆ. ಕೇಸ್ ನಂಬರ್ ಮರೆತಿದ್ದರೆ ಕೋರ್ಟುಗಳ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕು, ಇಲ್ಲಾ ನಿಮ್ಮ ಹಳೇ ವಕೀಲರಿಗೆ ಫೋನ್ ಮಾಡು. ಸೋಮವಾರ ನಾನೂ ಬರುತ್ತೇನೆ, ಮೊದಲನೇ ಬಸ್ಸಿಗೆ ಹೋಗಿ ಬರೋಣ. ಆಧಾರ್ ಮತ್ತು ಎರಡು ಫೋಟೊ ಇಟ್ಟುಕೊಂಡಿರು. ಏಜೆನ್ಸಿ ಫಾರಂನ ಎಲ್ಲ ಪುಟಗಳ ಫೋಟೊ ಇವತ್ತೇ ನನಗೆ ಕಳಿಸು, ಒಪ್ಪಿಸುವ ಮುಂಚೆ ಒಂದು ಸಲ ಓದುತ್ತೇನೆ.

ನಿನ್ನ ಮಾವ