ಮಗಳಿಗೊಂದು ಪತ್ರ: ಸೇಲಂ ನಾವಿಕರು ತಂದ ವಸ್ತುಗಳು

ಪ್ರೀತಿಯ ಮಗಳೇ,

ಬರುವ ವಾರ ಗೆಳತಿಯರೊಡನೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಊರಿಗೆ ಹೋಗುತ್ತೇನೆಂದು ಬರೆದಿದ್ದೀಯೆ. 1692ರಲ್ಲಿ ಅಲ್ಲಿ ಮಾಟದ ಆರೋಪ ಹೊರಿಸಿ ಜನರನ್ನು ಗಲ್ಲಿಗೇರಿಸಿದರಲ್ಲ, ಆ ಮಾಟಗಾತಿಯರ ಹೆಸರಿನಲ್ಲಿ ವ್ಯಾಪಾರ ಮಾಡುವ ಅಂಗಡಿಗಳನ್ನೆಲ್ಲ ಸುತ್ತಿಯಾದ ಮೇಲೆ ಅಲ್ಲಿನ ಪೀಬಡಿ ಎಸೆಕ್ಸ್ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡು.

ಅದರ ಮೂಲ 1799ರಲ್ಲಿ ಆ ಊರಿನ ನಾವಿಕರು ಕಟ್ಟಿಕೊಂಡ ಈಸ್ಟ್ ಇಂಡಿಯಾ ಮೆರೈನ್ ಸೊಸೈಟಿ. ಆಫ್ರಿಕಾದ ದಕ್ಷಿಣದ ಗುಡ್‌ಹೋಪ್ ಭೂಶಿರವನ್ನೋ ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರವನ್ನೋ ದಾಟಿ ಹೋಗಿಬಂದ ಹಡಗಿನ ನಾಯಕರಿಗೆ ಮತ್ತು ಸರಕಿನ ಉಸ್ತುವಾರಿಗಳಿಗೆ ಮಾತ್ರ ಅಲ್ಲಿ ಸದಸ್ಯತ್ವವಿತ್ತು. ಸುಮಾತ್ರಾದ ಕಾಳುಮೆಣಸಿನಲ್ಲಿ ದುಡ್ಡು ಮಾಡಿದ ಇವರು, ಹೋದ ಬಂದರುಗಳಿಂದ ವಿಚಿತ್ರವೆನಿಸಿದ ವಸ್ತುಗಳನ್ನೂ ತಂದು ಸೊಸೈಟಿಗೆ ಒಪ್ಪಿಸುತ್ತಿದ್ದರು. 1804ರ ಮೆರವಣಿಗೆಯೊಂದರಲ್ಲಿ ಸದಸ್ಯರು ಇಂಥ ವಸ್ತುಗಳನ್ನು ಕೈಯಲ್ಲಿ ಹಿಡಿದು ನಡೆದರಂತೆ; ಭಾರತೀಯರಂತೆ ಉಡುಪು ತೊಡಿಸಿದ ಕಪ್ಪು ಜನರು ಪಲ್ಲಕ್ಕಿ ಹೊತ್ತಿದ್ದರಂತೆ. ಅಂದಿನ ಸಡಗರ ಇಂದು ಓದುವಾಗ ಮುಜುಗರ ತರಿಸುತ್ತದೆ.

ಆ ಸಂಗ್ರಹದಲ್ಲಿ ಹವಾಯಿಯ ಕೂ ಎಂಬ ದೇವರ ದೊಡ್ಡ ಮರದ ವಿಗ್ರಹವಿದೆ. 1819ರಲ್ಲಿ ಹವಾಯಿಯ ರಾಜ ಮೊದಲನೆಯ ಕಮೆಹಮೆಹ ತೀರಿಕೊಂಡ ಬಳಿಕ ಅವನ ಮಗನೇ ಹಳೆಯ ಧಾರ್ಮಿಕ ಕಟ್ಟಳೆಗಳನ್ನು ಮುರಿದದ್ದರಿಂದ, ಗುಡಿಗಳು ಉರುಳಿ ವಿಗ್ರಹಗಳು ಬೆಂಕಿಗೆ ಬಿದ್ದವು. ಈ ಬಗೆಯ ಮೂರು ದೊಡ್ಡ ವಿಗ್ರಹಗಳು ಮಾತ್ರ ಉಳಿದಿವೆ: ಒಂದು ಹವಾಯಿಯದೇ ಹೊನೊಲುಲು ನಗರದ ಬಿಷಪ್ ವಸ್ತುಸಂಗ್ರಹಾಲಯದಲ್ಲಿ, ಒಂದು ಲಂಡನ್ನಿನಲ್ಲಿ, ಮತ್ತೊಂದು ಸೇಲಂನಲ್ಲಿ. ಸೇಲಂನದನ್ನು 1846ರಲ್ಲಿ ಕೊಟ್ಟವನು ಜಾನ್ ಟಿ. ಪ್ರಿನ್ಸ್ ಎಂದು ದಾಖಲೆಯಿದೆ, ಕೆತ್ತಿದವನ ಹೆಸರಿಲ್ಲ. ನಾವಿಕರು ಒಯ್ಯದಿದ್ದರೆ ಇದೂ ಸುಟ್ಟುಹೋಗುತ್ತಿತ್ತು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ 2010ರಲ್ಲಿ ಮೂರನ್ನೂ ಹೊನೊಲುಲುವಿನಲ್ಲಿ ಒಟ್ಟಿಗೆ ನಿಲ್ಲಿಸಿದಾಗ, ಹವಾಯಿಯ ಜನ ತಮ್ಮ ದೇವರನ್ನು ಕೆಲವು ತಿಂಗಳ ಮಟ್ಟಿಗೆ ಎರವಲು ಪಡೆಯಬೇಕಾಯಿತು ಎಂಬುದನ್ನು ಮರೆಯಲಾಗದು.

ನನಗೆ ಹೆಚ್ಚು ಹಿಡಿಸುವುದು ಕೆನಡಾದ ಪಶ್ಚಿಮ ಕರಾವಳಿಯಾಚೆಯ ದ್ವೀಪಗಳಲ್ಲಿರುವ ಹೈಡಾ ಜನರ ಕಥೆ. ಬಾಸ್ಟನ್ನಿನ ಹಡಗುಗಳು ಅವರಿಂದ ಕಡಲ ನೀರುನಾಯಿಯ ತುಪ್ಪಳದ ಚರ್ಮವನ್ನು ಕೊಂಡು ಚೀನಾದ ಕ್ಯಾಂಟನ್ ಬಂದರಿನಲ್ಲಿ ಮಾರುತ್ತಿದ್ದವು. ಬೇಟೆಯಾಡಿ ಆಡಿ ಆ ಪ್ರಾಣಿಯೇ ಅಪರೂಪವಾದಾಗ, 1820ರ ಸುಮಾರಿಗೆ, ಹೈಡಾ ಶಿಲ್ಪಿಗಳು ಆರ್ಜಿಲೈಟ್ ಎಂಬ ಕಪ್ಪು ಶಿಲೆಯಲ್ಲಿ ಧೂಮಪಾನದ ಕೊಳವೆಗಳನ್ನು ಕೆತ್ತಿ ನಾವಿಕರಿಗೇ ಮಾರತೊಡಗಿದರು. ಅವುಗಳಲ್ಲಿ ಎಷ್ಟೋ ಸೇದಲು ಬಾರದಂಥವು. ಮೊದಮೊದಲು ತಮ್ಮ ಕಾಗೆ, ಕರಡಿಗಳನ್ನು ಕೆತ್ತಿದವರು ಬರಬರುತ್ತ ಹಡಗಿನ ಕೋಣೆ, ಹಗ್ಗ, ರಾಟೆಗಳ ನಡುವೆ ಗುಂಡಿ ಹಾಕಿದ ಕೋಟು ತೊಟ್ಟ ನಾವಿಕನನ್ನೇ ಕೆತ್ತಿದರು. ತಾನು ಬೇರೆಯವರ ವಿಚಿತ್ರಗಳನ್ನು ಸಂಗ್ರಹಿಸುತ್ತಿದ್ದೇನೆ ಎಂದುಕೊಂಡ ಮನುಷ್ಯ, ಅವರ ಕಣ್ಣಿಗೆ ತಾನೆಷ್ಟು ವಿಚಿತ್ರವಾಗಿ ಕಂಡೆ ಎಂಬುದಕ್ಕೂ ಬೆಲೆ ತೆತ್ತು ಮನೆಗೆ ಒಯ್ದ! ಇಂಥದೊಂದು ಕೊಳವೆ ಎಲ್ಲಾದರೂ ಎದುರಾದರೆ ಆ ಪುಟ್ಟ ಮುಖವನ್ನು ಹತ್ತಿರದಿಂದ ನೋಡು.

ಆ ಕೊಳವೆಗಳನ್ನು ಕೆತ್ತಿದವರಲ್ಲಿ ಹೆಚ್ಚಿನವರ ಹೆಸರು ತಿಳಿದಿಲ್ಲ; ಮುಂದಿನ ತಲೆಮಾರಿನ ಹೈಡಾ ಶಿಲ್ಪಿ ಚಾರ್ಲ್ಸ್ ಎಡೆನ್‌ಷಾನ ಹೆಸರು ಮಾತ್ರ ಚೆನ್ನಾಗಿಯೇ ಉಳಿದಿದೆ. ಆ ಕಲ್ಲು ಸಿಗುವ ಬೆಟ್ಟದ ಹಕ್ಕು ಇಂದಿಗೂ ಹೈಡಾ ಜನರದೇ, ಕೆತ್ತನೆಯೂ ನಿಂತಿಲ್ಲ.

ಇಂತಿ,
ನಿನ್ನ ಅಪ್ಪ