ಎಲ್ಕ್ ಬೇಟೆ, ಮರದ ಬಿಲ್ಲು ಲೇಖನದ ಬಗ್ಗೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಬೆಟ್ಟಗಳಲ್ಲಿ ಬಿಲ್ಲು ಬಾಣ ಹಿಡ್ಕೊಂಡು ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಬೇಟೆ ಆಡೋರ ಬಗ್ಗೆ ಅರ್ಧ ಪುಟ ಲೇಖನ ಬಂದಿತ್ತಲ್ಲ, ಅಮ್ಮ ತೀರ್ಥಹಳ್ಳಿಯಿಂದ ಅದರ ಫೋಟೋ ತೆಗ್ದು ವಾಟ್ಸಾಪಲ್ಲಿ ಕಳ್ಸಿ "ನೀನು ವರ್ಷಾ ವರ್ಷಾ ರಜೆ ಹಾಕಿ ಮಾಡೋ ಘನಂದಾರಿ ಕೆಲ್ಸ ಇದೇನಾ" ಅಂತ ಕೇಳಿದ್ರು. ಹೌದಮ್ಮಾ ಅನ್ನೋಣ ಅಂದ್ರೆ ಲೇಖನದಲ್ಲಿ ಇರೋದಕ್ಕೂ ನಾನು ಮಾಡೋದಕ್ಕೂ ಸಂಬಂಧಾನೇ ಇಲ್ಲ. ಅದಕ್ಕೇ ಬರೀತಾ ಇದೀನಿ, ಉದ್ದ ಆಯ್ತು ಅನ್ಸಿದ್ರೆ ಕತ್ತರಿ ಹಾಕಿ ಪರವಾಗಿಲ್ಲ.

ಮೊದಲು ಫೋಟೋ. ಅದು ಎಲ್ಕ್ ಅಲ್ಲ ಸಾರ್, ಮೂಸ್ ಅನ್ನೋ ಬೇರೆ ಜಾತಿ ಜಿಂಕೆ. ಮೊರದ ತರ ಅಗಲ ಕೊಂಬು, ಗಂಟಲ ಕೆಳಗೆ ಜೋತಾಡೋ ತೊಗಲು ನೋಡಿದ್ರೇ ಗೊತ್ತಾಗುತ್ತೆ. ತಪ್ಪು ಪೂರ್ತಿ ನಿಮ್ದೇ ಅಂತಲ್ಲ ಬಿಡಿ, ಯುರೋಪಿನವರು ಮೂಸನ್ನೇ ಎಲ್ಕ್ ಅಂತಾರೆ, ನಮ್ಮ ಕಡೆ ಕಾಡಿಗೆ ಬಂದ ಬ್ರಿಟಿಷ್ ಶಿಕಾರಿಗಳು ಕಡವೆಗೂ ಎಲ್ಕ್ ಅಂತಿದ್ರು. ಇಲ್ಲಿನ ಎಲ್ಕಿಗೆ ವಾಪಿಟಿ ಅಂತ ಇನ್ನೊಂದು ಹೆಸರಿದೆ, ಶಾನೀ ಬುಡಕಟ್ಟಿನವರ ಮಾತು, ಹಿಂಭಾಗ ಬೆಳ್ಳಗಿರೋದು ಅಂತ ಅರ್ಥ. ನಮ್ಮ ಕಡವೆಯ ದೊಡ್ಡಣ್ಣ ಅಂದ್ಕೊಳ್ಳಿ, ಗಂಡು 300 ಕೆಜಿ ದಾಟುತ್ತೆ, ಕವಲು ಕವಲು ಕೊಂಬು.

ಎರಡನೇದು, ಬಿಲ್ಲು ಇದ್ರೆ ಯಾರು ಬೇಕಾದ್ರೂ ಕಾಡಿಗೆ ನುಗ್ಗಬಹುದು ಅಂತ ಬರ್ದಿದೀರಿ. ನಾನಿರೋ ಕೊಲೊರಾಡೊದಲ್ಲಿ 1949ರ ಜನವರಿ 1ರಿಂದ ಈಚೆ ಹುಟ್ಟಿದವರೆಲ್ಲ ಬೇಟೆ ಶಿಕ್ಷಣದ ಕೋರ್ಸ್ ಪಾಸ್ ಮಾಡಿರ್ಬೇಕು, ಆಮೇಲೆ ಲೈಸೆನ್ಸ್. ಬಿಲ್ಲಿನ ಸೀಸನ್ನು ಹೆಚ್ಚು ಕಮ್ಮಿ ಸೆಪ್ಟೆಂಬರ್ ಒಂದೇ ತಿಂಗಳು. ಬಿಲ್ಲು ಎಳೆಯೋಕೆ ಕನಿಷ್ಠ 35 ಪೌಂಡ್ ಬಲ ಬೇಕು, ಬಾಣದ ಮೊನೆ ಎಷ್ಟು ಅಗಲ ಇರ್ಬೇಕು ಅಂತಾನೂ ರೂಲ್ಸ್ ಇದೆ. ಹೊಡೆದ ಮೇಲೆ ಕೊಂಬು ಮಾತ್ರ ಕಿತ್ಕೊಂಡು ಬರೋ ಹಾಗಿಲ್ಲ, ತಿನ್ನೋ ಮಾಂಸ ಅಲ್ಲೇ ಬಿಟ್ಟು ಬಂದ್ರೆ ಕೇಸು, ಮಾರಿದ್ರೂ ಕೇಸು.

ಇನ್ನು ನನಗೆ ನಿಜವಾಗ್ಲೂ ಉರಿದಿದ್ದು "ಕೈಯಲ್ಲಿ ಮಾಡಿದ ಬಿಲ್ಲು, ಹೊಸ ಶೋಕಿ" ಅನ್ನೋ ಲೈನು. ಶೋಕಿ ಮಾಡೋರು ಅಂಗಡಿಗೆ ಹೋಗಿ ಗಾಲಿ ಇರೋ ಕಾಂಪೌಂಡ್ ಬಿಲ್ಲು ತಗೋತಾರೆ ಸಾರ್, ಅದನ್ನ ಪೂರ್ತಿ ಎಳೆದ ಮೇಲೆ ಭಾರ ಮುಕ್ಕಾಲು ಪಾಲು ಇಳಿದುಹೋಗುತ್ತೆ, ಆರಾಮಾಗಿ ಗುರಿ ಇಟ್ಕೊಂಡು ನಿಲ್ಲಬಹುದು. ನನ್ನದು ಪಕ್ಕದ ಮನೆಯ ಅಜ್ಜ, ರಿಟೈರ್ಡ್ ಬಡಗಿ, ಅವರ ಗ್ಯಾರೇಜಲ್ಲಿ ಎರಡು ಚಳಿಗಾಲ ಕೂತು ಹೆರೆದಿದ್ದು. ಮರದ ಹೆಸರು ಓಸೇಜ್ ಆರೆಂಜ್, ಕಿತ್ತಳೆಗೂ ಅದಕ್ಕೂ ಏನೂ ಸಂಬಂಧ ಇಲ್ಲ, ನಮ್ಮ ಹಲಸಿನ ಕುಟುಂಬದ್ದು, ಸಿಗಿದ್ರೆ ಒಳಗೆ ಹಲಸಿನ ಹಲಗೆ ತರಾನೇ ಹಳದಿ! ಮೊದಲನೇ ಸಲ ನೋಡಿದಾಗ ನಮ್ಮ ಮನೆ ಹಳೇ ಬಾಗಿಲು ನೆನಪಾಯ್ತು. ತೊಗಟೆ ತೆಗ್ದು, ಬಿಳಿ ಮರ ತೆಗ್ದು, ಆಮೇಲೆ ಮರ ಒಂದು ವರ್ಷದಲ್ಲಿ ಬೆಳೆದ ಒಂದೇ ಒಂದು ಉಂಗುರ ಹಿಡ್ಕೊಂಡು ಈ ತುದಿಯಿಂದ ಆ ತುದಿವರೆಗೂ ಹೋಗ್ಬೇಕು, ಗಂಟು ಬಂದ್ರೆ ಅದರ ಸುತ್ತ ಬಳಸ್ಕೊಂಡು ಹೋಗ್ಬೇಕು, ಎಲ್ಲಾದ್ರೂ ಉಳಿ ಜಾರಿ ಆ ಉಂಗುರ ಕತ್ತರಿಸಿದ್ರೆ ಬಿಲ್ಲು ಅಲ್ಲೇ ಮುರಿಯೋದು. ನನ್ನ ಮೊದಲನೇದು ಹಂಗೇ ಹೋಯ್ತು, ಮೂರು ತಿಂಗಳ ಕೆಲ್ಸ ಟಪ್ ಅಂತ ಎರಡು ತುಂಡು. ಅಜ್ಜ ಏನೂ ಅನ್ಲಿಲ್ಲ, ಒಳಗೆ ಹೋಗಿ ಇನ್ನೊಂದು ದಿಮ್ಮಿ ತಂದು ಕೈಗೆ ಕೊಟ್ರು.

ಎರಡನೇದು ಉಳೀತು. ಹೆದೆ ಪೂರ್ತಿ ಎಳೆಯೋಕೆ 52 ಪೌಂಡ್ ಬಲ ಬೇಕು, ಎಳೆದ ಮೇಲೆ ಆ 52 ಪೌಂಡೂ ಬೆರಳ ಮೇಲೇ ಇರುತ್ತೆ, ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯೋಕೆ ಆಗಲ್ಲ. ನನ್ನ ಕೈಗೆ ನಂಬಿಕೆ ಇರೋದು 20 ಗಜದವರೆಗೆ, ಅದರಾಚೆ ಬಿಟ್ರೆ ಪ್ರಾಣಿಗೆ ಗಾಯ ಆಗುತ್ತೆ ಅಷ್ಟೆ, ಸಾಯಲ್ಲ. ಇದು ದೊಡ್ಡ ಪಾಪ ಅಂತ ನಾನಂತೂ ನಂಬಿದೀನಿ, ಇಲ್ಲಿ ಕೆಲವರು 40 ಗಜಕ್ಕೆ ಬಿಟ್ಟು ಜಂಬ ಕೊಚ್ಕೊಳ್ಳೋದೂ ನೋಡಿದೀನಿ, ಅಂಥವರ ಬಗ್ಗೆ ನೀವು ಬೈದು ಬರ್ದಿದ್ರೆ ನಾನೇ ಚಪ್ಪಾಳೆ ತಟ್ತಿದ್ದೆ.

ಮೂರನೇ ವರ್ಷದ ಕಥೆ ಹೇಳ್ತೀನಿ ಕೇಳಿ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ, ನಾವು ಟೆಂಟ್ ಹಾಕಿದ್ದು 10,000 ಅಡಿ ಮೇಲೆ, ನಾಲ್ಕು ಹೆಜ್ಜೆ ಇಟ್ರೆ ಏದುಸಿರು. ಬೆಳಗಿನ ಜಾವ ಗಂಡು ಎಲ್ಕ್ ಕೂಗೋಕೆ ಶುರು ಮಾಡ್ತು, ಅದು ಕೆಳಗಿಂದ ಗುರ್ ಅಂತ ಎದ್ದು ಕಿವಿ ತೂತಾಗೋ ಶಿಳ್ಳೆ ಆಗಿ ಕೊನೆಗೆ ಬಿಕ್ಕಳಿಕೆ ತರ ಮುಗಿಯುತ್ತೆ. ಅಷ್ಟು ದೊಡ್ಡ ಮೈಯಿಂದ ಅಂಥ ಸಣ್ಣ ಸ್ವರ ಬರುತ್ತೆ ಅಂದ್ರೆ ನಂಬೋದೇ ಕಷ್ಟ. ಕಾಣೋಕೆ ಮೊದ್ಲು ವಾಸನೆ ಬಂತು, ಕೊಟ್ಟಿಗೆ ವಾಸನೆ, ಕೆಸರಲ್ಲೂ ತನ್ನ ಮೂತ್ರದಲ್ಲೂ ಹೊರಳಾಡಿರುತ್ತೆ ಅದು ಬೆದೆ ಸಮಯದಲ್ಲಿ. ಹಳದಿಯಾದ ಆಸ್ಪನ್ ಮರಗಳ ನಡುವೆ ಬಂದು ನಿಲ್ತು, ಸರಿಯಾಗಿ 28 ಗಜ (ಆಮೇಲೆ ಹೆಜ್ಜೆ ಹಾಕಿ ಅಳೆದೆ), ಎದೆ ನನ್ನ ಕಡೆಗೇ. ಎದೆಗೆ ನೇರ ಬಾಣ ಬಿಡೋ ಹಾಗಿಲ್ಲ, ಮೂಳೆ. ಅಡ್ಡ ತಿರುಗ್ಲಿ, ಇನ್ನೊಂದು ಎಂಟು ಗಜ ಬರ್ಲಿ ಅಂತ ಉಸಿರು ಬಿಗಿ ಹಿಡಿದೆ. ಅಷ್ಟರಲ್ಲಿ ಬಿಸಿಲು ಬಿತ್ತು, ಅಲ್ಲಿವರೆಗೂ ಇಳಿಜಾರಿಗೆ ಇಳೀತಿದ್ದ ಗಾಳಿ ಮೇಲಕ್ಕೆ ತಿರುಗ್ತು, ನನ್ನ ಕತ್ತಿನ ಹಿಂದೆ ತಣ್ಣಗಾಯ್ತು, ನನ್ನ ವಾಸನೆ ಅದರ ಮೂಗಿಗೆ ಹೋಯ್ತು, ಮುಗೀತು. ಅದು ಓಡಿದ ಸದ್ದು ನಿಂತಮೇಲೂ ನನ್ನ ಮೊಣಕಾಲು ನಡುಗ್ತಾನೇ ಇತ್ತು.

ನಾಲ್ಕು ಸೆಪ್ಟೆಂಬರ್ ಹೋಗಿದೀನಿ, ಎಲ್ಕ್ ಮೇಲೆ ಒಂದು ಬಾಣಾನೂ ಬಿಟ್ಟಿಲ್ಲ. ಅಜ್ಜ ನಲವತ್ತು ವರ್ಷದಲ್ಲಿ ಮರದ ಬಿಲ್ಲಲ್ಲಿ ಹೊಡೆದಿದ್ದು ಆರು.

ಕೊನೇ ಪ್ಯಾರಾದಲ್ಲಿ ಮಲೆನಾಡಿನ ತೋಟ ಹಾಳು ಮಾಡೋ ಹಂದಿ, ಕಡವೆಗೆ ನಮ್ಮಲ್ಲೂ ಇದೇ ತರ ಬಿಲ್ಲಿನ ಲೈಸೆನ್ಸ್ ಕೊಡಿ ಅಂತ ಸಲಹೆ ಕೊಟ್ಟಿದೀರಿ. ನಮ್ಮ ತೋಟಕ್ಕೂ ಹಂದಿ ನುಗ್ಗುತ್ತೆ, ಸಿಟ್ಟು ನನಗೂ ಇದೆ. ಆದ್ರೆ ಇಲ್ಲಿ ಎಲ್ಕ್ ಮುಗಿದೇಹೋಗಿತ್ತು ಅನ್ನೋ ಕಾಲ ಒಂದಿತ್ತು, ಎಸ್ಟೆಸ್ ಪಾರ್ಕ್ ಅನ್ನೋ ಊರಿನ ಹತ್ರ 1913-14ರಲ್ಲಿ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಂದ 49 ಎಲ್ಕ್ ತಂದು ಬಿಟ್ಟಿದ್ರು, ಈಗ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ. 1937ರ ಒಂದು ಕಾನೂನಿಂದ ಕೋವಿ, ತೋಟಾ ಮೇಲಿನ ತೆರಿಗೆ ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತೆ, 1972ರಲ್ಲಿ ಬಿಲ್ಲು ಬಾಣಾನೂ ಅದಕ್ಕೆ ಸೇರಿಸಿದ್ರು, ಶೇಕಡ 11. ಅದೇ 1972ರಲ್ಲಿ ನಮ್ಮಲ್ಲಿ ವನ್ಯಜೀವಿ ಕಾಯ್ದೆ ಬಂತು, ಬೇಟೆಗೆ ಕಡಿವಾಣ ಬಿತ್ತು, 1991ರ ತಿದ್ದುಪಡಿಯಲ್ಲಿ ಲೈಸೆನ್ಸ್ ಬೇಟೆನೂ ಬಂದ್ ಆಯ್ತು. ದಾರಿಗಳೇ ಬೇರೆ ಬೇರೆ. ಎಣಿಸೋರು, ಕಾಯೋರು, ದುಡ್ಡು ಕಟ್ಟೋರು ಯಾರು ಅಂತ ತೀರ್ಮಾನ ಮಾಡದೆ ಬರೀ ಬಿಲ್ಲು ಮಾತ್ರ ತಂದ್ರೆ ಹಂದಿ ಸಾಯಲ್ಲ, ಮೈಯಲ್ಲಿ ಬಾಣ ಇಟ್ಕೊಂಡು ಓಡಾಡುತ್ತೆ. ಗಾಯಗೊಂಡ ಹಂದಿ ಏನು ಮಾಡುತ್ತೆ ಅಂತ ನಮ್ಮೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ.

ಮಿಕ್ಕಿದ್ದು ನೀವು ಪ್ರಿಂಟ್ ಮಾಡಿದ್ರೂ ಸರಿ, ಬಿಟ್ರೂ ಸರಿ, ಫೋಟೋ ಮಾತ್ರ ಬದಲಾಯಿಸಿ ಸಾರ್, ಇ-ಪೇಪರಲ್ಲಿ ಇವತ್ತು ಬೆಳಗ್ಗೆನೂ ಮೂಸೇ ಇತ್ತು.

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ಓದುಗ, ಸದ್ಯ ಕೊಲೊರಾಡೊ