ಪಗಾರ ಎರಡರಷ್ಟು ಅಂದಿ, ಗೆಳೆಯಾ

ಗೆಳೆಯಾ,

ಮೊನ್ನೆ ನೀ ಫೋನ್ ಮಾಡಿದಾಗ ಮಶೀನ್ ಗದ್ದಲದಾಗ ಮಾತು ಅರ್ಧಕ್ಕ ನಿಂತು. "ಬೆಳಗಾವಿ ಉದ್ಯಮಬಾಗದ ಕಾರ್ಖಾನ್ಯಾಗ ಎಷ್ಟ್ ದಿನಾ ಇರ್ತಿ, ಬೆಂಗಳೂರಿಗೆ ತಿರುಗಿ ಬಾ, ಪಗಾರ ಎರಡರಷ್ಟು" ಅಂದಿ. ನನ್ನ ಚಲೋದಕ್ಕ ಅಂದಿ, ಗೊತ್ತೈತಿ. ಅದಕ್ಕ ಕುಂತು ಬರ್ಯಾಕತ್ತೀನಿ.

ಬೆಂಗಳೂರಿನ ಮ್ಯಾಲ ನಂಗ ಸಿಟ್ಟಿಲ್ಲ. ಆ ಊರು ಆರು ವರ್ಷ ಅನ್ನ ಹಾಕೈತಿ, ತಂಗಿ ಲಗ್ನದ ಸಾಲ ಅಲ್ಲಿನ ಪಗಾರದಾಗ ಹರೀತು. ರಾಜ್ಯದ ಒಟ್ಟು ಉತ್ಪನ್ನದಾಗ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆ ಒಂದರಿಂದನ ಬರ್ತೈತಿ. ಕೆಲಸ ಎಲ್ಲಾ ಅಲ್ಲೇ ಇದ್ದಮ್ಯಾಲ ಮಂದಿ ಹೋಗದ ಏನ್ ಮಾಡ್ತಾರ?

ಆದರ ಆ ರೊಕ್ಕ ಹೆಂಗ ಸೋರ್ತಿತ್ತು ಅನ್ನೂದು ನಂಗ ಮರ್ತಿಲ್ಲ. ಹತ್ತು ತಿಂಗಳ ಬಾಡಿಗಿ ಅಡ್ವಾನ್ಸ್ ಕೊಡೂ ಸಲುವಾಗಿ ಅವ್ವ ತನ್ನ ಪಾಟ್ಲಿ ಒತ್ತಿ ಇಟ್ಟಿದ್ಲು. ಮನಿ ಬಿಡೂ ಮುಂದ ಬಣ್ಣಕ್ಕಂತ ಒಂದು ತಿಂಗಳ ಬಾಡಿಗಿ ಮುರಕೊಂಡ್ರು. 2024ರ ಬ್ಯಾಸಗಿ ನೆನಪೈತೇನ? ಬೋರ್ ಬತ್ತಿ, ಮುಂಜಾನೆ ಐದಕ್ಕ ಬಕೆಟ್ ಹಿಡಕೊಂಡು ಟ್ಯಾಂಕರ್ ಹಾದಿ ಕಾಯ್ತಿದ್ವಿ. ಪೈಪಿನ ಬಾಯಾಗಿಂದ ಮೊದಲು ಕೆಂಪು ರಾಡಿ ಬೀಳ್ತಿತ್ತು, ಆಮ್ಯಾಲ ನೀರು. ಅದ ವರ್ಷ ಅಕ್ಟೋಬರಿನ್ಯಾಗ ಕಾವೇರಿ ನೀರಿನ ಯೋಜನಿ ಐದನೇ ಹಂತ ಸುರು ಆಗಿ ಬೆಂಗಳೂರಿಗೆ ಸೇರಿದ 110 ಹಳ್ಳಿಗೆ ನೀರು ಬರೂಹಂಗಾತು, ಚಲೋ ಆತು. ಆದರ ನೂರು ಕಿಲೋಮೀಟರ್ ದೂರದಿಂದ ಎತ್ತಿ ತರೂ ನೀರು ಎಂದೂ ಅಗ್ಗ ಆಗೂದಿಲ್ಲ.

ಈಗ ಹಳದಿ ಮೆಟ್ರೊ ಬಂದು ನಿನಗ ಸಿಲ್ಕ್ ಬೋರ್ಡಿನ ಟ್ರಾಫಿಕ್ ಕಾಟ ತಪ್ಪೈತಿ ಅಂದಿ. ಕೇಳಿ ಖರೇನ ಖುಷಿ ಆತು. ನಾ ಇದ್ದಾಗ ದಿನಾ ಮೂರು ತಾಸು ಬಸ್ಸಿನ್ಯಾಗ ಹೋಗ್ತಿದ್ವು. ಮನಿಗೆ ಬರೂದ್ರಾಗ ಮಗಳು ಮಲಗಿರ್ತಿದ್ಲು. ಈಗ ಶಿಫ್ಟ್ ಬಿಟ್ಟ ಇಪ್ಪತ್ತು ನಿಮಿಷಕ್ಕ ಇಲ್ಲೇ ಬೆಳಗಾವಿ ಶಹಾಪುರದ ಮನ್ಯಾಗ ಇರ್ತೀನಿ. ಮಗಳು ಪಾವಟಿಗಿ ಮ್ಯಾಲ ಕುಂತು ಹದಿಮೂರರ ಮಗ್ಗಿ ಒಪ್ಪಸ್ತಾಳ. ಹದಿಮೂರ ಏಳಕ್ಕ ಬಂದ ಕೂಡ್ಲೇ ನನ್ನ ಮಾರಿ ನೋಡ್ತಾಳ.

ಇಲ್ಲಿ ಎಲ್ಲಾ ಚಲೋ ಐತಿ ಅಂತ ಸುಳ್ಳು ಹೇಳೂದಿಲ್ಲ. ಪಗಾರ ಕಡಿಮಿ. ಆರ್ಡರ್ ಕಮ್ಮಿ ಆದ್ರ ಓವರ್‌ಟೈಮ್ ಮೊದಲು ಹೋಗ್ತೈತಿ. ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು 1998ರಿಂದ ನಮ್ಮ ಊರಾಗ ಐತಿ, ಆದರೂ ಡಿಗ್ರಿ ಆದ ಹುಡುಗೂರು ರಾತ್ರಿ ಬೆಂಗಳೂರು ಬಸ್ಸು ಹತ್ತೂದು ನೋಡಿದ್ರ ಸಂಕಟ ಆಗ್ತೈತಿ. ಫೌಂಡ್ರಿ, ಹೈಡ್ರಾಲಿಕ್ಸ್ ಕೆಲಸಾ ಬಲ್ಲ ಕೈಗಳು ಇಲ್ಲಿ ಎಷ್ಟ್ ಅದಾವ! ನಮ್ಮ ಜಿಲ್ಲಾದ ಹತ್ತರಗಿಯೊಳಗ ವಿಮಾನದ ಬಿಡಿಭಾಗ ತಯಾರಾಗ್ತಾವ. ಅಂಥಾವು ಇನ್ನ ನಾಲ್ಕು ಬರ್ಬೇಕು. ಬೆಂಗಳೂರಿಗೂ ಉಸಿರಾಡಾಕ ಜಾಗಾ ಸಿಗ್ತೈತಿ.

ನಾ ಬರೂದಿಲ್ಲ, ಗೆಳೆಯಾ. ನೀನ ಒಮ್ಮೆ ಬಾ. ಈಗ ವಂದೇ ಭಾರತ್ ಐತಿ, ಮಧ್ಯಾಹ್ನ ಹತ್ತಿದ್ರ ರಾತ್ರಿ ಊರಾಗ ಇರ್ತಿ. ನಮ್ಮ ಮಾಲಕರು ಕಂಪ್ಯೂಟರ್ ಮ್ಯಾಲ ನಡಿಯೂ ಸಿಎನ್‌ಸಿ ಮಶೀನಿನ ಪ್ರೋಗ್ರಾಮ್ ಬಲ್ಲವರನ್ನ ಹುಡಕಾಕತ್ತಾರ. ನಿನ್ನ ಈಗಿನ ಪಗಾರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟಾರು, ಅದನ್ನ ಮೊದಲ ಹೇಳಿಬಿಡ್ತೀನಿ. ಮನ್ಯಾಗ ವೈನಿ ಕೂಡ ಮಾತಾಡು. ನಿನ್ನ ಹೆಸರು ಹೇಳ್ಲೇನು? ಸೋಮವಾರದೊಳಗ ತಿಳಸು.

ನಿನ್ನ ಗೆಳೆಯ,
ಬೆಳಗಾವಿ